ನಂಬರು ಬಿದ್ದ ನಂದಿ ಮರ

ದುಮ್ಮವಾಡದ ಬಡಿಗೇರ ಮಶಾಕಸಾಬ ಮರವನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು ಒಳಗೆ ಹೇಗಿದೆ ಅಂತ ಹೇಳಬಲ್ಲ ಮನುಷ್ಯ. ಚಕ್ಕಡಿಯ ಅಚ್ಚಿಗೆ ಮರ ಆರಿಸುವವರು, ಮನೆಗೆ ತೊಲೆ ಹಾಕಿಸುವವರು ಸುತ್ತಲ ಹತ್ತು ಊರುಗಳಿಂದ ಬಂದು ಅವನನ್ನು ಕರೆದೊಯ್ಯುತ್ತಿದ್ದರು. ಅವನು ಬಡಿಯುವನು, ತಲೆ ವಾರೆ ಮಾಡಿ ಕೇಳುವನು, ಆಮೇಲೆ ಗಟ್ಟಿ ಅನ್ನುವನು, ಇಲ್ಲವೇ ಪೊಳ್ಳು ಅನ್ನುವನು. ಮೂವತ್ತೈದು ವರ್ಷಗಳ ಕಸುಬಿನಲ್ಲಿ ಮೂರನೆಯ ಮಾತು ಅವನಿಗೆ ಬೇಕಾಗಿರಲಿಲ್ಲ.

ಎಂಬತ್ನಾಲ್ಕನೆಯ ಇಸವಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ಅರಣ್ಯ ಇಲಾಖೆಯ ಹಂಚಿನಾಳ ಸಾಹೇಬರು ಫಟಫಟಿ ನಿಲ್ಲಿಸಿ ಅವನ ಕೆಲಸದ ಚಪ್ಪರದೊಳಗೆ ಬಂದರು. ಈ ಕಡೆಗೆ ಬಂದು ಆರು ತಿಂಗಳಾಗಿದ್ದ, ಇನ್ನೂ ನಲವತ್ತು ದಾಟದ ಅಧಿಕಾರಿ. ಅರ್ಧ ಮಾಡಿದ್ದ ಕೂರಿಗೆಯೊಂದನ್ನು ದಾಟಿ, ಮರದ ಹೊಟ್ಟಿನ ಮೇಲೆ ಹುಷಾರಾಗಿ ಕಾಲಿಡುತ್ತ ಬಂದು, ಜೇಬಿನಿಂದ ಒಂದು ಕಾಗದ ತೆಗೆದರು.

"ಹಕ್ಕಿಗೆ ಮನಿ ಮಾಡಿಕೊಡಬೇಕ್ರಿ, ಮಶಾಕಸಾಬ್ರ. ಹನ್ನೆರಡು."

ಪಾರಿವಾಳಕ್ಕೋ ಅಂತ ಕೇಳಿದ ಮಶಾಕಸಾಬ. ಅಲ್ಲ, ಮಂಗಟ್ಟೆಗೆ ಅಂದರು ಸಾಹೇಬರು. ದೊಡ್ಡ ಕೊಕ್ಕಿನ, ಕೊಕ್ಕಿನ ಮೇಲೊಂದು ಕೊಂಬಿರುವ ಆ ಹಕ್ಕಿಗೆ ಮರಕುಟಿಗನ ಹಾಗೆ ಮರ ಕೊರೆದುಕೊಳ್ಳಲು ಬರುವುದಿಲ್ಲವಂತೆ. ಹಳೆಯ ಮರದಲ್ಲಿ ತಾನಾಗಿ ಆದ ಪೊಟರೆಯೇ ಬೇಕಂತೆ. ಸಾಗವಾನಿ ನೆಟ್ಟ ಕಡೆಯಲ್ಲೆಲ್ಲ ಅಂಥ ಮರ ಉಳಿದಿಲ್ಲ, ಹಕ್ಕಿ ಕಡಿಮೆಯಾಗುತ್ತಿದೆ, ಆದ್ದರಿಂದ ಪೆಟ್ಟಿಗೆ ಮಾಡಿಸಿ ತೂಗುಹಾಕಿ ನೋಡಿ ಎಂದು ಮೇಲಿನಿಂದ ಪತ್ರ ಬಂದಿತ್ತು.

ಕಾಗದದಲ್ಲಿ ಚಿತ್ರವಿತ್ತು. ಉದ್ದನೆಯ ಪೆಟ್ಟಿಗೆ, ಮುಂದೆ ಒಂದು ಕಂಡಿ. ಕಂಡಿಯ ಪಕ್ಕದಲ್ಲಿ ಹನ್ನೆರಡು ಎಂಬ ಅಂಕಿ ಸ್ಪಷ್ಟವಾಗಿತ್ತು. ಅದರ ಮುಂದಿನ ಅಕ್ಷರಗಳು ಪ್ರತಿಯ ಮೇಲೆ ಪ್ರತಿ ತೆಗೆದು ಇರುವೆ ಸಾಲಿನಂತಾಗಿದ್ದವು.

"ಹನ್ನೆರಡು ಅಂದ್ರ ಇಂಚೋ, ಸೆಂಟಿಮೀಟರೋ, ಸಾಹೇಬ್ರ?"

ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದರು. "ನಾನೂ ಅದನ್ನ ನೋಡಾಕತ್ತೀನಿ," ಅಂದರು.

ಹನ್ನೆರಡು ಇಂಚಾದರೆ ಬೆಕ್ಕು ನುಗ್ಗುತ್ತದೆ. ಹನ್ನೆರಡು ಸೆಂಟಿಮೀಟರಾದರೆ ದೊಡ್ಡ ಹಕ್ಕಿ ಹೇಗೆ ಹೊಕ್ಕೀತು? ಹಕ್ಕಿಯ ಮೈ ಎಷ್ಟು ದಪ್ಪ ಅಂತ ಮಶಾಕಸಾಬ ಕೇಳಿದ. ಸಾಹೇಬರು ಮುಜುಗರಪಟ್ಟರು. ಅವರು ಅಣ್ಣಿಗೇರಿ ಕಡೆಯವರು. ತಮ್ಮದು ಎರೆ ಭೂಮಿ, ಅಲ್ಲಿ ಮರವೆಂದರೆ ಹೊಲದ ಬದುವಿನಲ್ಲಿ ಒಂದು ಬನ್ನಿ, ಒಂದು ಬೇವು. ಈ ಹಕ್ಕಿಯನ್ನು ಮೂರೇ ಸಲ ನೋಡಿದ್ದೇನೆ, ಮೂರು ಸಲವೂ ತಲೆಯ ಮೇಲೆ ಹಾರಿಹೋಗುವಾಗ, ಎಂದು ಒಪ್ಪಿಕೊಂಡರು. ಇಂಚೋ ಸೆಂಟಿಮೀಟರೋ ಎಂದು ಪತ್ರ ಬರೆದು ಕೇಳುತ್ತೇನೆ, ಅಷ್ಟರಲ್ಲಿ ಒಂದು ಮಾಡಿ ನೋಡಿ ಎಂದು ಹೇಳಿ ಹೋದರು.

ಡಿಪೋದಿಂದ ಸಾಗವಾನಿ ಹಲಗೆ ಬಂದವು. ಮಶಾಕಸಾಬ ಇಂಚಿನಲ್ಲಿ ಬೆಳೆದವನು, ಇಂಚಿನಲ್ಲೇ ಒಂದು ಪೆಟ್ಟಿಗೆ ಮಾಡಿದ. ಒಳಗೂ ಹೊರಗೂ ನುಣ್ಣಗೆ ಉಜ್ಜಿ, ಮೂಲೆಗೆ ಮೂಲೆ ಕೂಡಿಸಿ, ಮಾಡು ಇಳಿಜಾರು ಇಟ್ಟ. ಹೆಂಡತಿ ರಾಜಮಾಬಿ ಅದನ್ನು ನೋಡಿ, ಇಷ್ಟು ಚೆಂದದ ಕೋಳಿಗೂಡನ್ನು ಕಾಡಿಗೇಕೆ ಕೊಡುತ್ತೀರಿ, ನಮ್ಮ ಹಿತ್ತಲಲ್ಲೇ ಇಡಬಾರದೇ ಅಂತ ಕೇಳಿದಳು. ಅವನಿಗೂ ಅದು ಕೋಳಿಗೂಡಿನಂತೆಯೇ ಕಾಣಿಸುತ್ತಿತ್ತು.

ಸಾಹೇಬರ ಪತ್ರಕ್ಕೆ ಉತ್ತರ ಬರಲಿಲ್ಲ. ಆದರೆ ದೇವಕ್ಕ ಬಂದಳು. ಕಾಡಂಚಿನ ಕೇರಿಯವಳು, ಒಣಕಟ್ಟಿಗೆ ಹೊರೆ ಹೊತ್ತು ವಾರಕ್ಕೊಮ್ಮೆ ದುಮ್ಮವಾಡಕ್ಕೆ ಬರುವವಳು, ಮಶಾಕಸಾಬನಿಗಿಂತ ಐದಾರು ವರ್ಷ ಚಿಕ್ಕವಳು. ಹೊರೆ ಇಳಿಸಿ ನೀರು ಕುಡಿಯುತ್ತ ಪೆಟ್ಟಿಗೆಯನ್ನು ನೋಡಿ ಯಾರಿಗೆ ಅಂತ ಕೇಳಿದಳು. ಮಂಗಟ್ಟೆಗೆ ಅಂದಾಗ ಕುಡಿಯುತ್ತಿದ್ದ ನೀರು ಅವಳ ಮೂಗಿಗೆ ಏರಿತು.

"ಇಷ್ಟ ದೊಡ್ಡ ಬಾಗಲಾ ಮುಚ್ಚೂದ್ರಾಗ ಅದರ ಜೀವಾ ಹೋಗತೈತಿ ಯಣ್ಣಾ," ಅಂದಳು.

"ಮುಚ್ಚೂದ್ಯಾಕ?"

"ಹೆಣ್ಣು ಒಳಗ ಹೊಕ್ಕು ಬಾಗಲಾ ಮೆತ್ತಿಕೋತೈತಿ. ಬೆರಳು ಹೋಗುವಷ್ಟು ಸಂದಿ ಬಿಟ್ಕೋತೈತಿ, ಅಷ್ಟ. ಗಂಡು ಹಣ್ಣು ತಂದು ಸಂದ್ಯಾಗ ಕೊಡತೈತಿ. ಮೂರು ತಿಂಗಳ ಹೊರಗ ಬರೂದಿಲ್ಲ."

ಮಶಾಕಸಾಬ ನಂಬಲಿಲ್ಲ. ಅವನು ಮಾಡಿದ ಬಾಗಿಲುಗಳು ಈ ಭಾಗದ ನೂರಾರು ಮನೆಗಳಲ್ಲಿದ್ದವು. ಬಾಗಿಲೆಂದರೆ ತೆರೆಯಬೇಕು, ಮುಚ್ಚಬೇಕು, ಮತ್ತೆ ತೆರೆಯಬೇಕು. ಒಳಗೆ ಹೋದವಳೇ ಗೋಡೆ ಕಟ್ಟಿಕೊಂಡು ಕೂತರೆ ಅದನ್ನು ಬಾಗಿಲು ಅನ್ನುವುದೋ ಗೋರಿ ಅನ್ನುವುದೋ ಅವನಿಗೆ ತಿಳಿಯಲಿಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ಬಾ, ತೋರಿಸುತ್ತೇನೆ ಎಂದು ದೇವಕ್ಕ ಹೇಳಿದಳು.

ಹೋಳಿ ಕಳೆದ ಮೂರನೆಯ ದಿನ ಬೆಳಿಗ್ಗೆ ಅವನು ಅವಳ ಕೇರಿಗೆ ಹೋದ. ಅಲ್ಲಿಂದ ಗುಡ್ಡದ ಕಡೆ ನಡೆದರು. ಮೊದಲು ಸಾಗವಾನಿ ಬಂತು. ಸಾಲಿಗೆ ಸಾಲು, ಒಂದೇ ಎತ್ತರ, ಒಂದೇ ದಪ್ಪ. ಎಲೆ ಉದುರಿ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತಿತ್ತು, ಕಾಲ ಕೆಳಗೆ ಒಣಗಿದ ಎಲೆ ಹಪ್ಪಳದಂತೆ ಮುರಿಯುತ್ತಿತ್ತು. ಮಶಾಕಸಾಬನಿಗೆ ಖುಷಿಯಾಯಿತು. ಒಂದು ಗಂಟಿಲ್ಲ, ಸೊಟ್ಟಿಲ್ಲ. ಇಂಥ ಮರಗಳ ನಡುವೆ ಅವನಿಗೆ ಯಾವಾಗಲೂ ಕೈ ತುರಿಸುತ್ತಿತ್ತು. ದೇವಕ್ಕ ಮಾತ್ರ ಏನೂ ನೋಡಲು ಇಲ್ಲವೆಂಬಂತೆ ದಾಪುಗಾಲು ಹಾಕುತ್ತಿದ್ದಳು. ಅರ್ಧ ತಾಸು ನಡೆದರೂ ಒಂದೇ ಒಂದು ಹಕ್ಕಿಯ ದನಿ ಕೇಳಿಸಿರಲಿಲ್ಲ ಅನ್ನುವುದು ಅವನ ಗಮನಕ್ಕೆ ಬಂದದ್ದು ದನಿ ಕೇಳಿಸಿದ ಮೇಲೆಯೇ.

ನೆಲ ಇಳಿಜಾರಾಗಿ ಹಳ್ಳವೊಂದು ಬಂದಿತ್ತು. ಕಡಿದಾದ ಜಾಗವಾದ್ದರಿಂದ ಅಲ್ಲಿ ಯಾರೂ ಸಾಗವಾನಿ ನೆಟ್ಟಿರಲಿಲ್ಲ. ಮತ್ತಿ, ಹೊನ್ನೆ, ನಂದಿ, ನಡುವೆ ಬಿದಿರು, ಬಳ್ಳಿ. ಹಳ್ಳದ ಆಚೆ ದಂಡೆಯಲ್ಲಿ ಭಾರಿ ಬಸರಿ ಮರವೊಂದು ಹಣ್ಣು ಬಿಟ್ಟಿತ್ತು. ಅದರ ತುಂಬ ಸಂತೆಯ ಗದ್ದಲ. ಹಸಿರು ಪಾರಿವಾಳ, ಕುಟುರ, ಪಿಕಳಾರ, ಹೆಸರು ಗೊತ್ತಿಲ್ಲದ ಎಷ್ಟೋ ಹಕ್ಕಿಗಳು.

ಈಚೆ ದಂಡೆಯ ಒಂದು ನಂದಿ ಮರದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ದೇವಕ್ಕ ಅವನನ್ನು ಬಿದಿರ ಮೆಳೆಯ ಹಿಂದೆ ಕೂರಿಸಿದಳು. ಮರ ಮುದಿಯಾಗಿತ್ತು, ತುದಿ ಒಣಗಿತ್ತು. ಮೂರಾಳೆತ್ತರದಲ್ಲಿ, ಹಳೆಯ ಕೊಂಬೆ ಮುರಿದ ಜಾಗದಲ್ಲಿ ಮಣ್ಣು ಮೆತ್ತಿದಂಥ ಕಲೆ. ಕಲೆಯ ನಡುವೆ ಉದ್ದನೆಯ ಸಂದಿ.

ಸ್ವಲ್ಪ ಹೊತ್ತಿನಲ್ಲಿ ಅಕ್ಕಸಾಲಿಗನ ತಿದಿ ಊದಿದಂಥ ಸದ್ದು ಮೇಲಿನಿಂದ ಬಂತು. ಅದು ರೆಕ್ಕೆಯ ಸದ್ದೆಂದು ಅವನಿಗೆ ಮೊದಲು ಗೊತ್ತಾಗಲಿಲ್ಲ. ಕಪ್ಪು ಬಿಳುಪಿನ ದೊಡ್ಡ ಹಕ್ಕಿ ಬಂದು ಮರಕ್ಕೆ ಆತುಕೊಂಡಿತು. ಕತ್ತು ಹಿಂದೆ ಮುಂದೆ ಆಡಿಸಿ ಗಂಟಲಿನಿಂದ ಒಂದು ಬಸರಿ ಹಣ್ಣು ಕೊಕ್ಕಿನ ತುದಿಗೆ ತಂದಿತು. ಸಂದಿಯಲ್ಲಿ ಇನ್ನೊಂದು ಕೊಕ್ಕಿನ ತುದಿ ಕಾಣಿಸಿ ಹಣ್ಣನ್ನು ಒಳಗೆಳೆದುಕೊಂಡಿತು. ಮತ್ತೊಂದು. ಮತ್ತೊಂದು. ಹನ್ನೊಂದರವರೆಗೆ ಎಣಿಸಿ ಮಶಾಕಸಾಬನಿಗೆ ಲೆಕ್ಕ ತಪ್ಪಿತು. ದೇವಕ್ಕ ಹೇಳಿದ್ದೆಲ್ಲ ಖರೆ ಆಗಿತ್ತು, ಆದರೂ ನೋಡಿದ ಮೇಲೆ ನಂಬುವುದು ಇನ್ನೂ ಕಷ್ಟವಾಯಿತು.

ಗಂಡು ಹಾರಿಹೋದ ಮೇಲೆ ಅವನು ಮರದ ಬಳಿ ಹೋಗಿ ಅಭ್ಯಾಸದಂತೆ ಬಡಿಯಲು ಕೈ ಎತ್ತಿದ. ದೇವಕ್ಕ ಅವನ ಮಣಿಕಟ್ಟು ಹಿಡಿದಳು. ಒಳಗಿನವಳು ಹೆದರುತ್ತಾಳೆ ಅಂದಳು. ಆಮೇಲೆ ಅವನನ್ನು ಮರದ ಹಿಂಬದಿಗೆ ಕರೆದೊಯ್ದು ತೋರಿಸಿದಳು. ಅಲ್ಲಿ ತೊಗಟೆ ಕೆತ್ತಿ, ಸರಕಾರದ ಮುದ್ರೆ ಹೊಡೆದು, ಡಾಂಬರಿನಲ್ಲಿ ನಲವತ್ತೇಳು ಅಂತ ಬರೆದಿತ್ತು. ಕಡಿಯುವ ನಂಬರು.

ಮಶಾಕಸಾಬ ಅಲ್ಲೇ ಒಂದು ಬಂಡೆಯ ಮೇಲೆ ಕೂತುಬಿಟ್ಟ. ಈ ಮರವನ್ನು ಯಾರಾದರೂ ತನ್ನ ಹತ್ತಿರ ತಂದಿದ್ದರೆ ತಾನೇ ಒಲೆಗೆ ಹಾಕಿ ಅನ್ನುತ್ತಿದ್ದೆ ಅನ್ನುವುದು ಅವನಿಗೆ ಗೊತ್ತಿತ್ತು. ಒಳ್ಳೆಯ ಮರ ಯಾವುದು, ಕೆಟ್ಟ ಮರ ಯಾವುದು ಎಂಬ ಒಂದೇ ವಿದ್ಯೆಯನ್ನು ಅವನು ಬಲ್ಲ. ಆ ಹಕ್ಕಿಯ ವಿದ್ಯೆ ಅದಕ್ಕೆ ಸರಿಯಾಗಿ ಉಲ್ಟಾ ಇತ್ತು.

ಮರುದಿನ ಅವನು ಹಂಚಿನಾಳ ಸಾಹೇಬರ ಆಫೀಸಿಗೆ ಹೋಗಿ ನೋಡಿದ್ದನ್ನು ಹೇಳಿದ. ಸಾಹೇಬರು ಕಪಾಟಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದರಲ್ಲಿ, ಕಾಡು ಸ್ವಚ್ಛವಾಗಿರಬೇಕು, ಒಣಗಿದ, ಪೊಳ್ಳಾದ, ಹುಳ ಹತ್ತಿದ ಮರಗಳನ್ನೆಲ್ಲ ತೆಗೆಸಬೇಕು ಎಂದಿತ್ತು. ಇನ್ನೊಂದು, ಪೊಟರೆಯಿರುವ ಮರಗಳ ಕೊರತೆಯಿರುವುದರಿಂದ ಪೆಟ್ಟಿಗೆ ತೂಗುಹಾಕಬೇಕು ಎಂಬ ಪತ್ರ.

"ಎರಡಕ್ಕೂ ಸಹಿ ಮಾಡಿದವ್ರು ಒಬ್ಬರ," ಅಂದರು ಸಾಹೇಬರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಆ ಎರಡು ಕಾಗದಗಳನ್ನು ಹೀಗೆ ಇಟ್ಟು ನೋಡುತ್ತಿದ್ದವರಂತೆ ಕಂಡರು.

ಅವರೇ ಒಂದು ದಾರಿ ಹುಡುಕಿದರು. ಪೊಳ್ಳು ಮರ ತೆಗೆಯಬೇಕು ಅಂತಲ್ಲವೇ ಆರ್ಡರು. ಕಡಿಯುವ ದಿನ ಮಶಾಕಸಾಬ ಬಂದು ಮರ ಬಡಿದು ಗಟ್ಟಿಯಿದೆ ಅಂತ ಎಲ್ಲರೆದುರು ಹೇಳಿದರೆ, ನಂಬರು ತಪ್ಪಿ ಬಿದ್ದಿದೆ ಎಂದು ತಾವು ಬರೆದುಕೊಳ್ಳಬಹುದು. ಅವನ ಮಾತನ್ನು ಈ ಸೀಮೆಯಲ್ಲಿ ಯಾರೂ ತೆಗೆದುಹಾಕುವುದಿಲ್ಲ. ಮರದ ವಿಷಯದಲ್ಲಿ ಸುಳ್ಳು ಹೇಳಬೇಕಲ್ಲ ಎಂದು ಮಶಾಕಸಾಬ ಹಿಂಜರಿದ. ಸಾಹೇಬರು ಒತ್ತಾಯ ಮಾಡಲಿಲ್ಲ. ಸಂದಿಯಲ್ಲಿ ಕಂಡ ಕೊಕ್ಕಿನ ತುದಿ ನೆನಪಾಗಿ ಅವನೇ ಹೂಂ ಅಂದು ಬಂದ.

ಮನೆಗೆ ಬಂದು ಹನ್ನೆರಡು ಪೆಟ್ಟಿಗೆಗಳನ್ನು ಮುಗಿಸಿದ. ಹಕ್ಕಿಯ ಮೈಯನ್ನು ಕಣ್ಣಳತೆಯಲ್ಲಿ ನೋಡಿದ್ದರಿಂದ ಸೆಂಟಿಮೀಟರೇ ಸರಿ ಎಂದು ತೀರ್ಮಾನಿಸಿ, ಮೊದಲಿನದಕ್ಕೆ ಹೊಸ ಹಲಗೆ ಜಡಿದು ಕಂಡಿ ಸಣ್ಣದು ಮಾಡಿದ. ಒಳಗೆ ಅಷ್ಟು ನುಣುಪಾದರೆ ಮರಿ ಹತ್ತಿ ಬರುವುದು ಹೇಗೆ ಎಂದು ದೇವಕ್ಕ ಕೇಳಿದಳು. ತಾನು ಎರಡು ದಿನ ಕೂತು ಉಜ್ಜಿದ ಹಲಗೆಗಳನ್ನು ಅವನು ಬಾಚಿಯಿಂದ ಕೊಚ್ಚಿ ಒರಟು ಮಾಡಿದ.

ಯುಗಾದಿ ಕಳೆದ ಮೇಲೆ ಕಡಿಯುವವರು ಬಂದರು. ಗುತ್ತಿಗೆದಾರನ ಮೇಸ್ತ್ರಿ, ಗರಗಸ ಹಿಡಿದ ಎಂಟು ಮಂದಿ, ಹಂಚಿನಾಳ ಸಾಹೇಬರು, ಗಾರ್ಡ್ ಮೈಲಾರಪ್ಪ. ದೇವಕ್ಕ ದೂರದಲ್ಲಿ ಕಟ್ಟಿಗೆ ಆರಿಸುವವಳಂತೆ ಬಗ್ಗಿಕೊಂಡಿದ್ದಳು. ನಲವತ್ತೇಳರ ಹತ್ತಿರ ಬಂದಾಗ ಸಾಹೇಬರು, ಇದರ ಬಗ್ಗೆ ಸಂಶಯವಿದೆ, ಬಡಿಗೇರರು ನೋಡಲಿ ಅಂದರು.

ಮಶಾಕಸಾಬ ಕಂಡಿಯಿಲ್ಲದ ಕಡೆಗೆ ಹೋಗಿ ಆದಷ್ಟು ಮೆಲ್ಲಗೆ ಎರಡು ಸಲ ಬಡಿದ. ಕಾಳು ಖಾಲಿಯಾದ ಕಣಜ ಬಡಿದಂತೆ ಕೇಳಿಸಿತು. ಅದರ ಹಿಂದೆಯೇ, ಒಳಗಿನಿಂದ, ಉಗುರು ಕೆರೆದಂಥ ಸಣ್ಣ ಸದ್ದು.

"ಗಟ್ಟಿ ಐತ್ರಿ," ಅಂದ.

ಮೇಸ್ತ್ರಿಯ ಮುಖ ಅರಳಿತು. "ಗಟ್ಟಿ ಇದ್ರ ಚಲೋ ಆತಲ್ರಿ ಸಾಹೇಬ್ರ. ಕಟ್ಟಿಗಿ ಅಂತ ತಿಳಿದಿದ್ವಿ, ತೊಲಿಗೆ ಬರೂ ನಾಟಾ ಆತು. ಇಷ್ಟ ದಪ್ಪ ನಂದಿ ಎಲ್ಲಿ ಸಿಗತೈತಿ. ಹಂಗ ಬರಕೊಳ್ರಿ."

ಸಾಹೇಬರು ಮಶಾಕಸಾಬನ ಮುಖ ನೋಡಿದರು. ಇದನ್ನು ಇಬ್ಬರೂ ಯೋಚಿಸಿರಲಿಲ್ಲ. ಮಶಾಕಸಾಬ ಗಡಬಡಿಸಿ, ಇಲ್ಲ, ಇನ್ನೊಮ್ಮೆ ಕೇಳಿದೆ, ಪೊಳ್ಳಿದೆ ಅಂದ. ಪೊಳ್ಳಿದ್ದರೆ ಆರ್ಡರಿನ ಪ್ರಕಾರ ತೆಗೆಯಲೇಬೇಕಲ್ಲ ಅಂದ ಮೇಸ್ತ್ರಿ. ಅವನು ಕೆಟ್ಟವನೇನಲ್ಲ, ಅವನಿಗೆ ಸಂಜೆಯೊಳಗೆ ಇನ್ನೂ ಒಂಬತ್ತು ಮರ ಮುಗಿಸಬೇಕಿತ್ತು. ಗರಗಸದವರಿಬ್ಬರು ಬುಡದ ಎರಡೂ ಕಡೆ ಕುಕ್ಕರುಗಾಲಿನಲ್ಲಿ ಕೂತರು.

ಮಶಾಕಸಾಬ ಅಂಗೈಯನ್ನು ಮರಕ್ಕೆ ಒತ್ತಿ ನಿಂತ. ಗಟ್ಟಿ ಅಂದರೂ ಕಡಿಯುತ್ತಾರೆ, ಪೊಳ್ಳು ಅಂದರೂ ಕಡಿಯುತ್ತಾರೆ. ಹಾಗಾದರೆ ಮರ ಯಾವುದಾಗಿದ್ದರೆ ನಿಲ್ಲಲು ಬಿಡುತ್ತಾರೆ? ಒಳಗಿನವಳ ಕೆರೆತ ಅಂಗೈಗೆ ಬರುತ್ತಿದೆಯೋ, ತನ್ನ ನಾಡಿಯೇ ಹೊಡೆದುಕೊಳ್ಳುತ್ತಿದೆಯೋ, ಅದೂ ಅವನಿಗೆ ಗೊತ್ತಾಗಲಿಲ್ಲ.

"ನನಗ ತಿಳೀವಲ್ದ್ರಿ," ಅಂದ.

"ಏನು?"

"ಈ ಗಿಡಾ ಹೆಂಗೈತಿ ಅಂತ ನನಗ ತಿಳೀವಲ್ದು."

ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದು, ಹಂಗ ಬರೀಲೇನು ಅಂತ ಕೇಳಿದರು. ಬರೀರಿ ಅಂದ ಮಶಾಕಸಾಬ. ನಲವತ್ತೇಳರ ಮುಂದೆ ಅವರು ಹೀಗೆ ಬರೆದರು: ಸಂಶಯಾಸ್ಪದ, ಮಳೆಗಾಲದ ನಂತರ ಮರುಪರಿಶೀಲನೆ. ಸಂಶಯವಿರುವ ಮರವನ್ನು ಏನು ಮಾಡಬೇಕೆಂದು ಎರಡು ಕಾಗದಗಳಲ್ಲಿ ಒಂದರಲ್ಲೂ ಇರಲಿಲ್ಲ. ಮೇಸ್ತ್ರಿ ಗೊಣಗುತ್ತ ನಲವತ್ತೆಂಟಕ್ಕೆ ಹೋದ.

ಮರ ನಿಂತಿತು. ಆದರೆ ಎಂಟು ಮಂದಿ ಕೇಳಿದ ಮಾತು ಕಾಡಿನಲ್ಲೇ ಉಳಿಯುತ್ತದೆಯೇ? ಮಶಾಕಸಾಬನ ಕಿವಿ ಹೋಯಿತಂತೆ, ಒಂದೇ ಮರಕ್ಕೆ ಮೂರು ಮಾತು ಹೇಳಿದನಂತೆ ಎಂದು ಸುದ್ದಿ ಊರೂರಿಗೆ ತಿರುಗಿತು. ತೊಲೆ ನೋಡಲು ಅವನನ್ನು ಕರೆಯಲು ಬರುತ್ತೇನೆಂದಿದ್ದ ಸಂಶಿ ಊರಿನ ಒಬ್ಬ ಗೃಹಸ್ಥರು ಬೇರೆ ಬಡಿಗೇರನನ್ನು ಕರೆದೊಯ್ದರು. ರಾಜಮಾಬಿ, ನೀವು ಸುಳ್ಳು ಹೇಳಿದಿರೇನು ಅಂತ ನೇರವಾಗಿಯೇ ಕೇಳಿದಳು. ಮೂರು ಮಾತು ಹೇಳಿದ್ದೇನೆ, ಅದರಲ್ಲಿ ಸುಳ್ಳು ಯಾವುದು ಅಂತ ನನಗೇ ಈಗ ಗೊತ್ತಾಗುತ್ತಿಲ್ಲ ಅಂದ ಅವನು. ಅವಳು ಅವನ ಹಣೆ ಮುಟ್ಟಿ ನೋಡಿದಳು.

ಮೇ ತಿಂಗಳ ಕೊನೆಗೆ ದೇವಕ್ಕ ಹೇಳಿಕಳಿಸಿದಳು. ಅವನು ಹೋದಾಗ ಮಣ್ಣಿನ ಗೋಡೆ ಒಡೆದಿತ್ತು. ತಾಯಿ ಹಕ್ಕಿ ಹತ್ತಿರದ ಮತ್ತಿ ಮರದಲ್ಲಿ ಕೂತಿತ್ತು. ರೆಕ್ಕೆ ಮಂಕಾಗಿ, ಮೂರು ತಿಂಗಳು ಕಾಲು ಮಡಚಿ ಕೂತವರಂತೆ ತಡವರಿಸುತ್ತಿತ್ತು. ಕಂಡಿಯಲ್ಲಿ ಒಂದು ಮರಿ ತಲೆ ಹೊರಗೆ ಹಾಕಿ, ಬಹಳ ಹೊತ್ತು ಲೋಕವನ್ನು ನೋಡಿ, ಧುಮುಕಿದಂತೆ ಹಾರಿತು. ಅದರ ಹಿಂದೆ ಇನ್ನೊಂದು. ಮಶಾಕಸಾಬನ ಕಣ್ಣು ತುಂಬಿದವು.

ಅವನು ಮಾಡಿದ ಹನ್ನೆರಡು ಪೆಟ್ಟಿಗೆಗಳು ಸಾಗವಾನಿ ಸಾಲಿನಲ್ಲಿ ತೂಗುತ್ತಿದ್ದವು. ಒಂದರಲ್ಲಿ ಜೇನು ಕಟ್ಟಿತು, ಎರಡರಲ್ಲಿ ಗೊರವಂಕ ಸಂಸಾರ ಹೂಡಿತು, ಉಳಿದವು ಬಿಸಿಲಿಗೆ ಬಿರುಕುಬಿಟ್ಟವು. ಮಂಗಟ್ಟೆ ಯಾವುದನ್ನೂ ಮುಟ್ಟಲಿಲ್ಲ. ಹಂಚಿನಾಳ ಸಾಹೇಬರಿಗೆ ನವಲಗುಂದದ ಕಡೆ ವರ್ಗವಾಯಿತು. ಹೋಗುವ ಮುನ್ನ ಬಂದು, ಇನ್ನು ಮೇಲೆ ರಸ್ತೆ ಬದಿಗೆ ಗಿಡ ಹಚ್ಚಿಸುವ ಕೆಲಸ, ಅಲ್ಲಿ ಗೊಂದಲವಿಲ್ಲ ಅಂದರು. ಸಮಾಧಾನವೋ ಬೇಸರವೋ ಅವರ ಮುಖದಿಂದ ತಿಳಿಯಲಿಲ್ಲ.

ಮಳೆಗಾಲ ಮುಗಿದ ಮೇಲೆ ಬಂದ ಹೊಸ ಅಧಿಕಾರಿ ಪುಸ್ತಕದಲ್ಲಿ 'ಸಂಶಯಾಸ್ಪದ' ಎಂಬುದನ್ನು ಓದಿ, ಹಿಂದಿನವರಿಗೆ ಏನೋ ಕಾರಣವಿರಬೇಕೆಂದುಕೊಂಡು ತಾವೂ ಅದನ್ನೇ ಬರೆದರು. ನಂದಿ ಮರ ಇನ್ನೊಂದು ವರ್ಷ ಉಳಿಯಿತು. ಆದರೆ ಆ ಚಳಿಗಾಲದಲ್ಲಿ ಹಳ್ಳದ ಆಚೆ ದಂಡೆಯನ್ನೂ ಸಾಗವಾನಿಗೆ ಸೇರಿಸಿಕೊಂಡರು. ಅಲ್ಲಿದ್ದ ಬಸರಿಯನ್ನು ಕಡಿದರು. ನಾಟಾಕ್ಕೂ ಬಾರದ, ಒಲೆಗೂ ಅಷ್ಟಕ್ಕಷ್ಟೇ ಆದ ಮರ. ಅದರ ಬಗ್ಗೆ ಯಾರಿಗೂ ಸಂಶಯ ಬರಲಿಲ್ಲ, ಬಡಿದು ನೋಡಿ ಎಂದು ಯಾರನ್ನೂ ಕರೆಯಲಿಲ್ಲ.

ಮುಂದಿನ ಹೋಳಿಗೆ ಜೋಡಿ ಬಂತು. ಹೆಣ್ಣು ಕಂಡಿಯೊಳಗೆ ತಲೆ ಹಾಕಿ ನೋಡಿತು, ಹೊರಬಂತು, ಮತ್ತೆ ನೋಡಿತು. ಗಂಡು ಪಕ್ಕದ ಕೊಂಬೆಯಲ್ಲಿ ಸುಮ್ಮನೆ ಕೂತಿತ್ತು. ಎರಡು ದಿನ ಹೀಗೆಯೇ ಮಾಡಿ, ಮೂರನೆಯ ದಿನ ಎರಡೂ ಗುಡ್ಡ ದಾಟಿ ಹೋದವು. ದಿನವೂ ಹೋಗಿ ಕೂತು ನೋಡಿದ್ದ ಮಶಾಕಸಾಬನಿಗೆ ಅರ್ಥವೇ ಆಗಲಿಲ್ಲ. ಮರ ಅದೇ, ಕಂಡಿ ಅದೇ, ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಉಣ್ಣಾಕ ಎಲ್ಲಿಂದ ತರ್ತಾನು ಅಂವ?" ಅಂದಳು ದೇವಕ್ಕ, ಆಚೆ ದಂಡೆಯ ಬೋಳು ಜಾಗಕ್ಕೆ ಕೈ ತೋರಿಸಿ. "ಅಡಗಿಮನಿ ಇಲ್ಲದ ಮನ್ಯಾಗ ಮೂರು ತಿಂಗಳ ಹೆಂಗ ಕೂಡತಾಳು ಅಕಿ?"

ಅಲ್ಲಿಯವರೆಗೂ ಮನೆಯೆಂದರೆ ನಂದಿ ಮರ ಅಂತಲೇ ಅವನು ತಿಳಿದಿದ್ದ. ಮನೆ ಹಳ್ಳವನ್ನೂ ದಾಟಿ ಆಚೆಗಿತ್ತು. ಇನ್ನೂ ಎಲ್ಲೆಲ್ಲಿಯವರೆಗೆ ಇದೆಯೋ, ಅದರಲ್ಲಿ ಇನ್ನೇನೇನು ಬಿದ್ದುಹೋಗಿದೆಯೋ ಅವನಿಗೆ ಹೇಗೆ ಗೊತ್ತಾಗಬೇಕು?

ಆಷಾಢದ ಮೊದಲ ವಾರ ಅವನು ದುಮ್ಮವಾಡದ ಕೆರೆಯ ಬಳಿಯ ಬಸರಿ ಮರದಿಂದ ತೋಳುದಪ್ಪದ ಐದು ಕೊಂಬೆ ಕಡಿದು ಹೊತ್ತುಕೊಂಡು ಹೋದ. ಬಸರಿ ಕೊಂಬೆ ನೆಟ್ಟರೂ ಚಿಗುರುತ್ತದೆ ಅಂತ ಯಾರೋ ಹೇಳಿದ್ದರು. ಇಲ್ಲ, ಹಕ್ಕಿ ಹಿಕ್ಕೆಯಿಂದಲೇ ಹುಟ್ಟಬೇಕು ಅಂತ ಇನ್ನಾರೋ ಹೇಳಿದ್ದರು. ಅವನೂ ದೇವಕ್ಕನೂ ಹಳ್ಳದ ಆಚೆ ದಂಡೆಯಲ್ಲಿ ಗುಂಡಿ ತೋಡುತ್ತಿದ್ದಾಗ ಗಾರ್ಡ್ ಮೈಲಾರಪ್ಪ ಕೊಡೆ ಹಿಡಿದು ಬಂದ. ಏನು ಮಾಡುತ್ತಿದ್ದೀರಿ, ಪರವಾನಗಿ ಇದೆಯೇ ಅಂತ ಗದರಿದ. ಬೇಕೇನು ಅಂತ ಮಶಾಕಸಾಬ ನಿಜವಾಗಿಯೂ ತಿಳಿಯದೆ ಕೇಳಿದ.

ಮೈಲಾರಪ್ಪ ಯೋಚನೆಗೆ ಬಿದ್ದ. "ಕಡ್ಯಾಕ ಬೇಕು. ಹಚ್ಚಾಕ ಬೇಕೋ ಬ್ಯಾಡೋ ನನಗ ಯಾರೂ ಹೇಳಿಲ್ಲ," ಅಂದ. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿದ. ಆಮೇಲೆ ಕೊಡೆ ಮಡಚಿ ಬಿದಿರಿಗೆ ತೂಗುಹಾಕಿ, ಕೊಂಬೆಯೊಂದನ್ನು ನೆಟ್ಟಗೆ ಹಿಡಿದುಕೊಂಡ. ಮಶಾಕಸಾಬ ಸುತ್ತ ಮಣ್ಣು ತುಂಬಿ ಹಿಮ್ಮಡಿಯಿಂದ ತುಳಿದ.

ಐದರಲ್ಲಿ ಎರಡನ್ನು ದನ ಮುರಿದವು, ಒಂದು ಕೊಳೆಯಿತು. ಶ್ರಾವಣದಲ್ಲಿ ಉಳಿದೆರಡರ ಗಿಣ್ಣಿನಲ್ಲಿ ಕೆಂಪಗೆ ಚಿಗುರು ಕಾಣಿಸಿತು. ಹಣ್ಣು ಬಿಡಲು ಎಷ್ಟು ವರ್ಷ ಬೇಕಾದೀತು ಅಂತ ಮಶಾಕಸಾಬ ಕೇಳಿದ. ದೇವಕ್ಕ ಬೆರಳು ಮಡಚಿ ಎಣಿಸಲು ಶುರುಮಾಡಿ ನಡುವೆಯೇ ಕೈಬಿಟ್ಟಳು. ಜೊತೆಗೆ ನೋಡಲು ಬಂದಿದ್ದ ಮೈಲಾರಪ್ಪನಿಗೂ ಗೊತ್ತಿರಲಿಲ್ಲ. ಮಳೆ ಮತ್ತೆ ಹಿಡಿಯಿತು. ಮೂವರೂ ಹಳ್ಳ ತುಂಬುವ ಮುನ್ನ ದಾಟಿಬಿಡಬೇಕೆಂದು ಬೇಗಬೇಗನೆ ಹೆಜ್ಜೆ ಹಾಕಿದರು.